ಗಿನಿ-ಬಿಸಾವ್ ರಾಷ್ಟ್ರಗೀತೆ: ಪೋರ್ಚುಗೀಸ್ ಮಾತು, ಚೀನಾದ ರಾಗ. ಹಾಡಿಸುವವರಿಗೆ ಏನೇನು ಗೊತ್ತಿರಬೇಕು?

ಬಂದರುಗುಮಾಸ್ತ
ಮಂಗಳೂರಿಗೆ ಗಿನಿ-ಬಿಸಾವ್‌ನಿಂದ ಗೇರುಬೀಜ ವ್ಯಾಪಾರದ ನಿಯೋಗವೊಂದು ಬರಲಿಕ್ಕಿದೆ. ಸ್ವಾಗತ ಸಭೆಯಲ್ಲಿ ಅವರ ರಾಷ್ಟ್ರಗೀತೆಯನ್ನು ಹನ್ನೆರಡು ಜನರ ತಂಡ ಹಾಡಬೇಕು. ಕೀಬೋರ್ಡ್ ಇದೆ, ಪೋರ್ಚುಗೀಸ್ ಬಲ್ಲವರು ಯಾರೂ ಇಲ್ಲ. ಸರಿಯಾದ ಹಾಡು ಯಾವುದು ಅಂತ ಖಾತ್ರಿ ಮಾಡಿಕೊಳ್ಳುವುದು ಹೇಗೆ, ಉಚ್ಚಾರಣೆ ಹೇಗೆ, ಎಷ್ಟು ಚರಣ ಹಾಡಬೇಕು? ಆಹ್ವಾನ ಪತ್ರಿಕೆಯಲ್ಲಿ ದೇಶದ ಬಗ್ಗೆ ನಾಲ್ಕು ಸಾಲೂ ಹಾಕಬೇಕು. ಬಲ್ಲವರು ಹೇಳಿ.

ನಕಾಶೆಪ್ರಿಯ
ಮೊದಲು ದೇಶ ಸರಿ ಮಾಡಿಕೊಳ್ಳಿ. ಅರ್ಧ ಎಡವಟ್ಟು ಅಲ್ಲೇ ಆಗುವುದು. ಹೆಸರಿನಲ್ಲಿ ‘ಗಿನಿ’ ಇರುವ ದೇಶ ನಾಲ್ಕು. ರಾಜಧಾನಿ ಕೊನಾಕ್ರಿ ಇರುವ ಬರೀ ಗಿನಿ ಹಿಂದೆ ಫ್ರೆಂಚರದ್ದು, ಗೀತೆ ‘ಲಿಬೆರ್ತೆ’. ಈಕ್ವಟೋರಿಯಲ್ ಗಿನಿ ಸ್ಪೇನಿನದ್ದು, ಗೀತೆ ಸ್ಪ್ಯಾನಿಷ್‌ನಲ್ಲಿದೆ. ಪಪುವಾ ನ್ಯೂ ಗಿನಿ ಆಫ್ರಿಕಾದಲ್ಲೇ ಇಲ್ಲ. ನಿಮಗೆ ಬೇಕಾದ್ದು ಪೋರ್ಚುಗೀಸರ ಹಿಡಿತದಲ್ಲಿದ್ದ, ಬಿಸಾವ್ ರಾಜಧಾನಿಯಾಗಿರುವ ದೇಶ. ಉತ್ತರಕ್ಕೆ ಸೆನೆಗಲ್, ಪೂರ್ವಕ್ಕೂ ದಕ್ಷಿಣಕ್ಕೂ ಕೊನಾಕ್ರಿಯ ಗಿನಿ, ಪಶ್ಚಿಮಕ್ಕೆ ಅಟ್ಲಾಂಟಿಕ್.

ವಿಸ್ತೀರ್ಣ 36,125 ಚದರ ಕಿಲೋಮೀಟರ್. ಕೇರಳಕ್ಕಿಂತ ತುಸು ಚಿಕ್ಕದು, ಕರ್ನಾಟಕದ ಐದರಲ್ಲಿ ಒಂದು ಪಾಲೂ ಆಗದು. ಜನ ಸುಮಾರು 20 ಲಕ್ಷ. ಕರಾವಳಿಯಿಡೀ ಹಿನ್ನೀರು, ಕಾಂಡ್ಲಾ ಕಾಡು. ಕಡಲಿಗಿಳಿದರೆ ಬಿಜಾಗೋಸ್ ದ್ವೀಪಗಳು, ಹತ್ತಿರ ಹತ್ತಿರ ತೊಂಬತ್ತು. ಅಲ್ಲಿನ ಒರಾಂಗೊ ದ್ವೀಪದ ನೀರಾನೆಗಳು ಉಪ್ಪುನೀರಿಗೂ ಇಳಿಯುತ್ತವೆ.

ಹಾಡಿನ ಹೆಸರು ‘ಎಶ್ತ ಎ ಅ ನೊಸ ಪಾತ್ರಿಯ ಬೆಂ ಅಮಾದ’. ‘ಇದು ನಮ್ಮ ಅಕ್ಕರೆಯ ತಾಯ್ನಾಡು’ ಅಂತ ಅರ್ಥ.

ಸ್ವರಲಿಪಿ
ಆ ಹೆಸರಿನಲ್ಲೇ ಒಂದು ಗುಂಡಿ ಇದೆ ಸರ್. ಶೀರ್ಷಿಕೆಯಲ್ಲಿ ‘ಬೆಂ ಅಮಾದ’ ಅಂತಿದೆ. ಹಾಡಿನೊಳಗಿನ ಸಾಲಿನಲ್ಲಿ ‘ಬೆಂ’ ಇಲ್ಲ, ಬರೀ ‘ಪಾತ್ರಿಯ ಅಮಾದ’. ಶೀರ್ಷಿಕೆ ನೋಡಿಕೊಂಡು ಹಾಡಿದರೆ ಒಂದು ಅಕ್ಷರ ಹೆಚ್ಚಾಗಿ ರಾಗದ ಆಚೆ ನಿಲ್ಲುತ್ತೆ.

ಕಟ್ಟಡ ಹೀಗೆ: ಮೊದಲ ಚರಣ, ಪಲ್ಲವಿ, ಎರಡನೇ ಚರಣ, ಮತ್ತೆ ಪಲ್ಲವಿ. ಪಲ್ಲವಿ ಚರಣದ ನಂತರ ಬರುತ್ತೆ, ನಮ್ಮ ಹಾಗೆ ಮೊದಲೇ ಎತ್ತಿಕೊಳ್ಳುವುದಿಲ್ಲ. ಪಲ್ಲವಿಯ ಕೊನೆಯಲ್ಲಿ ಶಾಂತಿ, ಪ್ರಗತಿ ಕಟ್ಟುತ್ತೇವೆ ಅನ್ನುವ ಭಾಗ ಎರಡು ಸಲ ಬರುತ್ತೆ. ತಂಡಗಳು ಎಡವುವುದು ಅಲ್ಲಿಯೇ. ಅರ್ಧ ಜನ ಮುಗೀತು ಅಂತ ಬಾಯಿ ಮುಚ್ಚುತ್ತಾರೆ, ಅರ್ಧ ಜನ ಮುಂದೆ ಹೋಗುತ್ತಾರೆ. ಎರಡನೇ ಆವೃತ್ತಿಗೆ ಒಬ್ಬರು ಕೈಸನ್ನೆ ಮಾಡಲಿ.

ಬರೀ ವಾದ್ಯದ ಧ್ವನಿಮುದ್ರಿಕೆಗಳಲ್ಲಿ ಸಾಮಾನ್ಯವಾಗಿ ಒಂದು ಚರಣ, ಒಂದು ಪಲ್ಲವಿ ಇರುತ್ತೆ. ಸಭೆಗೆ ಅಷ್ಟೇ ಸಾಕು.

ಬಂದರುಗುಮಾಸ್ತ
ಉಪಕಾರ ಆಯ್ತು. ಉಚ್ಚಾರಣೆ ಹೇಗೆ ಬರೆದುಕೊಳ್ಳುವುದು? ಇಂಗ್ಲಿಷ್ ಅಕ್ಷರದಲ್ಲಿ ಇದ್ದದ್ದನ್ನು ಹಾಗೇ ಓದಿದರೆ ಆಗುತ್ತದಾ?

ಸ್ವರಲಿಪಿ
ಆಗಲ್ಲ. ಕನ್ನಡದಲ್ಲಿ ಬರೆದುಕೊಂಡರೆ ಎಷ್ಟೋ ವಾಸಿ, ಏಕೆಂದರೆ ಪೋರ್ಚುಗೀಸಿನ ತ, ದ ದಂತ್ಯ. ಇಂಗ್ಲಿಷ್ ಅಕ್ಷರ ಕಂಡ ಕೂಡಲೇ ನಮ್ಮವರ ನಾಲಿಗೆ ಟ, ಡ ಕಡೆಗೆ ಹೊರಳುತ್ತೆ. ‘ಪಾಟ್ರಿಯಾ ಅಮಾಡಾ’ ಅಲ್ಲ, ‘ಪಾತ್ರಿಯ ಅಮಾದ’. ಕೊನೆಯ ಅಕಾರ ಎಳೆಯುವುದೂ ಬೇಡ.

ಬಿಸಾವ್‌ನಲ್ಲಿ ನಡೆಯುವುದು ಲಿಸ್ಬನ್ ಮಾದರಿಯ ಪೋರ್ಚುಗೀಸ್, ಬ್ರೆಜಿಲಿನದ್ದಲ್ಲ. ಆದ್ದರಿಂದ:

ಪದದ ಕೊನೆಯಲ್ಲಿ ಅಥವಾ ಕ, ತ, ಪ ಮುಂತಾದವುಗಳ ಹಿಂದೆ ಬರುವ ಸಕಾರ ‘ಶ್’ ಆಗುತ್ತೆ. ಶತಮಾನಗಳು ಅನ್ನುವ ಪದ ‘ಸೆಕುಲುಶ್’. ಭರವಸೆ ‘ಎಶ್ಪೆರಾಂಸ’.

ಒತ್ತಿಲ್ಲದ ಕೊನೆಯ ಒಕಾರ ‘ಉ’ ಆಗುತ್ತೆ. ಬೊಡ್ಡೆ ಅನ್ನುವ ಪದವನ್ನು ‘ತ್ರೋಂಕು’ ಅನ್ನಬೇಕು.

ಎರಡನೇ ಚರಣದ ಮೊದಲ ಪದ ‘ರಾಮುಶ್’, ಅಂದರೆ ಕೊಂಬೆಗಳು. ಇದರ ರಕಾರ ಗಟ್ಟಿ. ಹಳಗನ್ನಡದ ಶಕಟರೇಫ ನೆನಪಿಸಿಕೊಳ್ಳಿ. ‘ಮಾರ್’, ‘ದೋರ್’ ಪದಗಳ ಕೊನೆಯ ರ್ ಮಾತ್ರ ನಮ್ಮ ಸಾದಾ ರ್.

‘ಶಾಂತಿ’ಗೆ ಒಂಟಿಯಾಗಿ ನಿಂತಾಗ ‘ಪಾಶ್’. ಪಲ್ಲವಿಯ ಕೊನೆಯಲ್ಲಿ ಅದರ ಮುಂದೆ ಸ್ವರ ಬರುವುದರಿಂದ ‘ಪಾಜ಼್’ ಆಗುತ್ತೆ. ಹಾಡುವಾಗ ‘ಅ ಪಾಜ಼್ಯು ಪ್ರುಗ್ರೆಸು’ ಅಂತ ಹತ್ತಿರ ಹತ್ತಿರ ಕೇಳಬೇಕು. ‘ಪಾಶ್ ಈ ಓ ಪ್ರೋಗ್ರೆಸ್ಸೋ’ ಅಂದರೆ ಹಾಳು.

ಅದಕ್ಕಿಂತ ಮುಖ್ಯವಾದದ್ದು ಸಂಧಿ. ‘ಊರು ಅಲ್ಲಿ’ ಅಂತ ನಾವು ಬಿಡಿಸಿ ಹೇಳುವುದಿಲ್ಲ, ‘ಊರಲ್ಲಿ’ ಅನ್ನುತ್ತೇವೆ. ಹಾಗೆಯೇ ಅಲ್ಲೂ ಪಕ್ಕಪಕ್ಕದ ಸ್ವರಗಳು ಕೂಡಿಕೊಳ್ಳುತ್ತವೆ. ‘ಪಾತ್ರಿಯ ಅಮಾದ’ ಬಾಯಲ್ಲಿ ‘ಪಾತ್ರ್ಯಮಾದ’ದ ಹತ್ತಿರಕ್ಕೆ ಬರುತ್ತೆ. ಧ್ವನಿಮುದ್ರಿಕೆ ಕೇಳಿ, ಎಲ್ಲಿ ಎರಡು ಸ್ವರ ಒಂದೇ ಪೆಟ್ಟಿಗೆ ಬೀಳುತ್ತವೋ ಅಲ್ಲಿ ಹಾಳೆಯ ಮೇಲೆ ಒಂದು ಕಮಾನು ಎಳೆದುಕೊಳ್ಳಿ. ಸಂಧಿ ಬಿಟ್ಟು ಹಾಡಿದರೆ ಪ್ರತಿ ಸಾಲಿಗೆ ಒಂದೆರಡು ಅಕ್ಷರ ಹೆಚ್ಚಾಗಿ, ಪಲ್ಲವಿ ಬರುವ ಹೊತ್ತಿಗೆ ಕೀಬೋರ್ಡು ಮುಂದೆ, ಗಾಯಕರು ಹಿಂದೆ.

ಹಳೇಬಂದರು
ತಂಡದಲ್ಲಿ ಕೊಂಕಣಿ ಮನೆಮಾತಿನವರು ಇದ್ರೆ ಮುಂದಿನ ಸಾಲಲ್ಲಿ ನಿಲ್ಲಿಸಿ ಮಾರಾಯ್ರೆ. ‘ಮಾಂವ್ಶ್’, ‘ಉನಿಯಾಂವ್’ ಎಲ್ಲ ಮೂಗಿನ ಸ್ವರ. ಕೊಂಕಣಿಯವ್ರಿಗೆ ಅದು ಹುಟ್ಟಿನಿಂದ ಉಂಟು. ಉಳಿದವ್ರು ‘ಮಾವೋಸ್’ ಅಂತ ಬಾಯಿ ತುಂಬ ಹೇಳಿ ಕೆಡಿಸ್ತಾರೆ. ಪೋರ್ಚುಗೀಸ್ ಅಂದ್ರೆ ತೀರಾ ಪರದೇಶಿ ಅಂತ ಹೆದರ್ಬೇಡಿ. ಮೇಜು, ಚಾವಿ, ಪಾದ್ರಿ, ಬಟಾಟೆ ಎಲ್ಲ ಅಲ್ಲಿಂದ ಬಂದದ್ದೇ.

ಪ್ರಶ್ನಪೆಟ್ಟಿಗೆ
ರಚನೆಕಾರರ ವಿಷಯದಲ್ಲಿ ಗೊಂದಲ ಇದೆ. ಸಾಹಿತ್ಯ, ಸಂಗೀತ ಎರಡೂ ಅಲ್ಲಿನ ಸ್ವಾತಂತ್ರ್ಯ ಹೋರಾಟದ ನಾಯಕ ಅಮಿಲ್ಕಾರ್ ಕಬ್ರಾಲ್ ಅವರದ್ದು ಅಂತ ಕೆಲವು ಕ್ವಿಜ್ ಪುಸ್ತಕಗಳಲ್ಲಿದೆ. ಸರಿಯೇ?

ಕಡತ
ಅರ್ಧ ಸರಿ. ಸಾಹಿತ್ಯ ಕಬ್ರಾಲ್ ಅವರದ್ದು, 1963ರ ಕವಿತೆ. ರಾಗ ಚೀನಾದ ಸಂಗೀತಗಾರ ಶಿಯಾವ್ ಹ ಅವರದ್ದು. ಪೋರ್ಚುಗೀಸ್ ಗಿನಿಯ (ಗಿನಿ-ಬಿಸಾವ್‌ಗೆ ಆಗಿನ ಹೆಸರು) ನಿಯೋಗ 1963ರಲ್ಲಿ ಚೀನಾಕ್ಕೆ ಹೋಗಿತ್ತು. ಅಲ್ಲಿ ಶಿಯಾವ್ ಹ ಅವರ ಸಂಗೀತ ಕೇಳಿದ ಕಬ್ರಾಲ್, ತಮ್ಮ ಜನರ ಹೋರಾಟಕ್ಕೆ ಹುರುಪು ಕೊಡುವಂಥದ್ದೊಂದು ಬೇಕು ಅಂತ ಅವರನ್ನೇ ಕೇಳಿದರು. ಪಶ್ಚಿಮ ಆಫ್ರಿಕಾದ ದೇಶದ ಗೀತೆಗೆ ಅಲ್ಲಿನ ವಾದ್ಯಗಳಾದ ಕೋರಾ ಇಲ್ಲ, ಬಾಲಫೋನ್ ಇಲ್ಲ, ನಡೆಯೆಲ್ಲ ಮೆರವಣಿಗೆಯದ್ದು ಯಾಕೆ ಅಂತ ಕೇಳುವವರಿಗೆ ಉತ್ತರ ಇಲ್ಲಿದೆ.

ಹುಡುಕುವವರಿಗೆ ಒಂದು ಎಚ್ಚರಿಕೆ. ‘ಶಿಯಾವ್ ಹ’ ಅಂತ ಹುಡುಕಿದರೆ ಎರಡು ಸಾವಿರ ವರ್ಷ ಹಿಂದಿನ ಹಾನ್ ವಂಶದ ಮಂತ್ರಿಯೊಬ್ಬ ಎದುರಾಗುತ್ತಾನೆ. ಉಚ್ಚಾರ ಹತ್ತಿರ, ಚೀನೀ ಅಕ್ಷರಗಳು ಬೇರೆ. ಆತನ ಚಿತ್ರ ತೆಗೆದು ‘ರಾಷ್ಟ್ರಗೀತೆಯ ಸಂಗೀತ ಸಂಯೋಜಕ’ ಅಂತ ಸ್ಲೈಡಿಗೆ ಅಂಟಿಸಬೇಡಿ.

ಪ್ರಶ್ನಪೆಟ್ಟಿಗೆ
ಇದೇ ಹಾಡು ಎರಡು ದೇಶಕ್ಕೆ ರಾಷ್ಟ್ರಗೀತೆಯಾಗಿತ್ತಂತಲ್ಲ. ನಮ್ಮ ಟಾಗೋರರ ಹಾಗೆ?

ಕಡತ
ಟಾಗೋರರದ್ದು ಬೇರೆ ಲೆಕ್ಕ. ಅಲ್ಲಿ ಕವಿ ಒಬ್ಬ, ಹಾಡು ಎರಡು, ಭಾರತಕ್ಕೊಂದು ಬಾಂಗ್ಲಾಕ್ಕೊಂದು. ಇಲ್ಲಿ ಹಾಡೇ ಒಂದು, ದೇಶ ಎರಡು. ಗ್ರೀಸ್, ಸೈಪ್ರಸ್ ಈಗಲೂ ಒಂದೇ ಗೀತೆ ಹಾಡುತ್ತವಲ್ಲ, ಹಾಗೆ.

ಇನ್ನೊಂದು ದೇಶ ಕೇಪ್ ವರ್ಡ್, ಬಿಸಾವ್‌ನಿಂದ ದೂರದ ಅಟ್ಲಾಂಟಿಕ್ ದ್ವೀಪಸಮೂಹ. ಕಬ್ರಾಲ್ ಹುಟ್ಟಿದ್ದು 1924ರ ಸೆಪ್ಟೆಂಬರ್ 12ರಂದು, ಗಿನಿಯ ಬಫಾತಾದಲ್ಲಿ. ತಂದೆತಾಯಿ ಕೇಪ್ ವರ್ಡ್ ಮೂಲದವರು, ಶಾಲೆ ಕಲಿತದ್ದು ಕೇಪ್ ವರ್ಡ್‌ನಲ್ಲಿ. ಲಿಸ್ಬನ್‌ನಲ್ಲಿ ಕೃಷಿವಿಜ್ಞಾನ ಓದಿ ಗಿನಿಗೆ ಬಂದು, 1953ರಲ್ಲಿ ಅಲ್ಲಿನ ಕೃಷಿಗಣತಿ ನಡೆಸಿದರು. ಊರೂರು ಸುತ್ತಿ ಯಾರು ಏನು ಬೆಳೆಯುತ್ತಾರೆ, ಎಷ್ಟು ಬೆಳೆಯುತ್ತಾರೆ ಅಂತ ಬರೆದುಕೊಂಡ ಆ ಸರ್ಕಾರಿ ಕೆಲಸವೇ ಮುಂದೆ ಗೆರಿಲ್ಲಾ ಯುದ್ಧಕ್ಕೆ ನಕಾಶೆಯಾಯಿತು. 1956ರಲ್ಲಿ ಕಟ್ಟಿದ ಪಕ್ಷ ಪಿಎಐಜಿಸಿ. ಅದರ ಹೆಸರಲ್ಲೇ ಗಿನಿ ಮತ್ತು ಕೇಪ್ ವರ್ಡ್ ಎರಡೂ ಇವೆ.

ಈಗ ಗೀತೆ ಓದಿ. ಇಡೀ ಪಠ್ಯದಲ್ಲಿ ‘ಗಿನಿ’ ಅನ್ನುವ ಪದ ಇಲ್ಲ. ‘ಕೇಪ್ ವರ್ಡ್’ ಇಲ್ಲ. ನದಿಯ ಹೆಸರಿಲ್ಲ, ಊರಿನ ಹೆಸರಿಲ್ಲ, ಕುಲದ ಹೆಸರಿಲ್ಲ. ನಮ್ಮ ಗೀತೆಯಲ್ಲಿ ಪಂಜಾಬ, ಸಿಂಧು, ವಿಂಧ್ಯ ಬರುವ ಹಾಗಲ್ಲ. ಬಿಸಿಲು, ಬೆವರು, ಹಸಿರು, ಕಡಲು, ಅಜ್ಜಂದಿರ ಮಣ್ಣು, ನಮ್ಮ ಕೈಯ ಫಲ, ಅಷ್ಟೇ. ಎರಡೂ ನಾಡಿಗೆ ಒಂದೇ ಅಳತೆಯ ಅಂಗಿ. ಹೆಸರಿದ್ದಿದ್ದರೆ ಎರಡು ಕಡೆ ಹಾಡಲು ಆಗುತ್ತಲೇ ಇರಲಿಲ್ಲ.

ಗಡಿನಾಡು
ಹಸಿರು ಅಂದ್ರ ಗಿನಿಯ ಕಾಡು, ಕಡಲು ಅಂದ್ರ ಕೇಪ್ ವರ್ಡ್ ದ್ವೀಪ ಅಂತ ಓದೂದು ಸರಿ ಐತಿ ಅಲ್ರೀ? ‘ವೆರ್ದ್’ ಅನ್ನೂ ಪದಾನೂ ಅದ್ರಾಗ ಬರ್ತೈತಿ.

ಕಡತ
ಓದಬಹುದು, ಆದರೆ ಕಬ್ರಾಲ್ ಹಾಗೆಂದೇ ಬರೆದರು ಅಂತ ಪತ್ರಿಕೆಯಲ್ಲಿ ಅಚ್ಚು ಹಾಕಬೇಡಿ. ಗಿನಿಗೂ ಕಡಲುಂಟು. ಹೆಸರಿನಲ್ಲಿ ಹಸಿರಿದ್ದರೂ ಕೇಪ್ ವರ್ಡ್ ಒಣನೆಲ, ಬರಗಾಲಕ್ಕೆ ಕುಖ್ಯಾತ. ಒಂದುಗೂಡುವ ಆಶಯಕ್ಕೆ ಎರಡನೇ ಚರಣ ಗಟ್ಟಿ ಆಧಾರ. ಒಂದೇ ಬೊಡ್ಡೆಯ ಕೊಂಬೆಗಳು, ಒಂದೇ ಬೆಳಕಿನಲ್ಲಿ ನೆಟ್ಟ ಕಣ್ಣುಗಳು, ಇದೇ ನಮ್ಮ ಒಗ್ಗಟ್ಟಿನ ಬಲ ಅಂತ ನೇರವಾಗಿಯೇ ಇದೆ. ಅದೂ ಗಿನಿಯೊಳಗಿನ ಬಲಾಂತಾ, ಫುಲಾ, ಮಂಡಿಂಕಾ, ಪಪೆಲ್, ಮಂಜಾಕು, ಬಿಜಾಗೋ ಜನರಿಗೂ ಸಲ್ಲುವ ಮಾತು.

ಗಡಿನಾಡು
ಒಪ್ಪಿದೆ. ಆದ್ರ ಆ ಕೊಂಬಿ ಮುರದ್ವು.

ಕಡತ
ಮುರಿದವು. 1980ರ ನವೆಂಬರ್ 14ರಂದು ಬಿಸಾವ್‌ನಲ್ಲಿ ಪ್ರಧಾನಿ ‘ನಿನೊ’ ವಿಯೆರಾ ದಂಗೆಯೆದ್ದು ಅಧ್ಯಕ್ಷ ಲೂಯಿಶ್ ಕಬ್ರಾಲ್ ಅವರನ್ನು ಇಳಿಸಿದರು. ಇವರು ಅಮಿಲ್ಕಾರ್ ಅವರ ಮಲತಮ್ಮ. ಕೇಪ್ ವರ್ಡ್ ಮೂಲದವರೇ ಮೇಲಿನ ಹುದ್ದೆಗಳಲ್ಲಿ ತುಂಬಿಕೊಂಡಿದ್ದಾರೆ ಅನ್ನುವ ಸಿಟ್ಟು ದಂಗೆಯ ಹಿಂದಿತ್ತು. ಮರುವರ್ಷ ದ್ವೀಪದವರು ಬೇರೆ ಪಕ್ಷ ಮಾಡಿಕೊಂಡರು. ಒಕ್ಕೂಟದ ಮಾತು ಅಲ್ಲಿಗೆ ಮುಗಿಯಿತು. ಗೀತೆ ಮಾತ್ರ ಇನ್ನೂ 16 ವರ್ಷ ಎರಡೂ ಕಡೆ ಉಳಿಯಿತು. ಕೇಪ್ ವರ್ಡ್ 1992ರಲ್ಲಿ ಬಾವುಟ ಬದಲಿಸಿ, 1996ರಲ್ಲಿ ‘ಕಾಂತಿಕು ದ ಲಿಬೆರ್ದಾದ್’ ಅನ್ನುವ ಹೊಸ ಗೀತೆ ತಂದಿತು. ಹಳೆಯ ಧ್ವನಿಮುದ್ರಿಕೆಗಳ ಮೇಲೆ ‘ಕೇಪ್ ವರ್ಡ್’ ಅಂತ ಇದ್ದು ಒಳಗೆ ಇದೇ ರಾಗ ಇದ್ದರೆ ತಪ್ಪಲ್ಲ, 1996ಕ್ಕಿಂತ ಹಿಂದಿನದು ಅಷ್ಟೇ.

ನಕಾಶೆಪ್ರಿಯ
ಧ್ವನಿಮುದ್ರಿಕೆ ಖಾತ್ರಿ ಮಾಡಿಕೊಳ್ಳಲು ಸುಲಭ ದಾರಿ ಫುಟ್ಬಾಲ್. ಗಿನಿ-ಬಿಸಾವ್ ತಂಡ ಆಫ್ರಿಕಾ ಕಪ್‌ಗೆ ಮೊದಲ ಸಲ ಬಂದದ್ದು 2017ರಲ್ಲಿ. ಪಂದ್ಯದ ಮೊದಲು ನುಡಿಸಿದ ಗೀತೆಯ ಜತೆ ನಿಮ್ಮದನ್ನು ತಾಳೆ ನೋಡಿ. ಶುರುವಿನ ಪದ ‘ಸೋಲ್’, ಅಂದರೆ ಸೂರ್ಯ. ಕನ್ನಡದ ಸೋಲು ಅಲ್ಲ ಅಂತ ನಿರೂಪಕರಿಗೂ ಹೇಳಿಡಿ.

ಪ್ರಶ್ನಪೆಟ್ಟಿಗೆ
ಸ್ವಾತಂತ್ರ್ಯ 1973ರಲ್ಲೋ 1974ರಲ್ಲೋ? ಎರಡೂ ಕಾಣಿಸುತ್ತವೆ.

ಕಡತ
ಎರಡೂ ನಿಜ. ಅಲ್ಲಿನ ಸ್ವಾತಂತ್ರ್ಯ ದಿನ ಸೆಪ್ಟೆಂಬರ್ 24. ಅದು 1973ರದ್ದು. ಪೋರ್ಚುಗಲ್ ಒಪ್ಪಿಕೊಂಡದ್ದು 1974ರ ಸೆಪ್ಟೆಂಬರ್ 10ರಂದು. ನಡುವೆ ಒಂದು ವರ್ಷ ಅಂತರ ಯಾಕೆ ಅನ್ನುವುದಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

ಪೋರ್ಚುಗಲ್ 1951ರಲ್ಲಿ ತನ್ನ ವಸಾಹತುಗಳನ್ನೆಲ್ಲ ‘ಸಾಗರದಾಚೆಯ ಪ್ರಾಂತ್ಯ’ ಅಂತ ಹೆಸರು ಬದಲಿಸಿತು. ಗೋವಾವೂ ಆ ಪಟ್ಟಿಯಲ್ಲಿತ್ತು. ವಸಾಹತೇ ಇಲ್ಲ ಅಂದಮೇಲೆ ಬಿಟ್ಟುಕೊಡುವ ಮಾತೆಲ್ಲಿ ಅನ್ನುವ ವಾದ. 1961ರ ಡಿಸೆಂಬರ್‌ನಲ್ಲಿ ಗೋವಾ ಕೈತಪ್ಪಿದ ಮೇಲೂ ಪೋರ್ಚುಗಲ್ಲಿನ ಸರ್ವಾಧಿಕಾರಿ ಸಲಜಾರ್ ಆಫ್ರಿಕಾದ ಹಿಡಿತ ಸಡಿಲಿಸಲಿಲ್ಲ. ಅದಕ್ಕೂ ಮೊದಲೇ, 1959ರ ಆಗಸ್ಟ್ 3ರಂದು, ಬಿಸಾವ್‌ನ ಪಿಜಿಗಿಟಿ ಧಕ್ಕೆಯಲ್ಲಿ ಕೂಲಿ ಹೆಚ್ಚಿಸಿ ಅಂತ ಮುಷ್ಕರ ಹೂಡಿದ ಹಮಾಲರ ಮೇಲೆ ಪೊಲೀಸರು ಗುಂಡು ಹಾರಿಸಿದ್ದರು. ಸತ್ತವರು ಸುಮಾರು 50 ಅನ್ನುವುದು ಪಕ್ಷದ ಲೆಕ್ಕ. ಪೇಟೆಯಲ್ಲಿ ಮುಷ್ಕರ ಮಾಡಿ ಗೆಲ್ಲಲು ಆಗದು, ಹಳ್ಳಿಗೆ ಹೋಗಬೇಕು ಅಂತ ಪಿಎಐಜಿಸಿ ನಿರ್ಧರಿಸಿದ್ದು ಆಗಲೇ.

1963ರ ಜನವರಿ 23ರಂದು ತಿಟೆ ಎಂಬಲ್ಲಿನ ಸೇನಾಠಾಣೆಯ ಮೇಲೆ ದಾಳಿ, ಅಲ್ಲಿಂದ ಯುದ್ಧ. ಗೀತೆಯ ಕವಿತೆಯೂ ಅದೇ ವರ್ಷದ್ದು. ಪಲ್ಲವಿಯಲ್ಲಿ ‘ಪರದೇಶಿ ನೊಗದ ವಿರುದ್ಧ ಮುಂದೆ ಸಾಗು’ ಅನ್ನುವ ಮಾತು ಬರುವುದು ಹಾಗಾಗಿ. ಗೆದ್ದವರು ಕೂತು ಬರೆದ ಹಾಡಲ್ಲ, ಯುದ್ಧ ಶುರುವಾದ ವರ್ಷದ್ದು.

1973ರ ಜನವರಿ 20ರಂದು ಕೊನಾಕ್ರಿಯಲ್ಲಿ ಕಬ್ರಾಲ್ ಕೊಲೆಯಾದರು, ಗುಂಡಿಟ್ಟವರು ಸ್ವಂತ ಪಕ್ಷದವರೇ. ಆದರೂ ಹೋರಾಟ ನಿಲ್ಲಲಿಲ್ಲ. ಆ ವರ್ಷದ ಮಾರ್ಚ್‌ನಿಂದ ಸೋವಿಯತ್ ಸ್ಟ್ರೆಲಾ ಕ್ಷಿಪಣಿಗಳು ಪೋರ್ಚುಗೀಸ್ ವಿಮಾನಗಳನ್ನು ಉರುಳಿಸತೊಡಗಿದವು. ಆಕಾಶದ ಮೇಲುಗೈ ಹೋಯಿತು. ಸೆಪ್ಟೆಂಬರ್ 24ರಂದು ಪೂರ್ವದ ಬೊಎ ಪ್ರದೇಶದಲ್ಲಿ, ಬಿಡುಗಡೆಯಾದ ನೆಲದ ಮೇಲೆ, ತಾವಾಗಿಯೇ ಸ್ವಾತಂತ್ರ್ಯ ಸಾರಿದರು. ರಾಜಧಾನಿ ಇನ್ನೂ ಪೋರ್ಚುಗೀಸರ ಕೈಯಲ್ಲೇ ಇತ್ತು. 1974ರ ಏಪ್ರಿಲ್ 25ರಂದು ಲಿಸ್ಬನ್‌ನಲ್ಲೇ ಸೈನ್ಯ ದಂಗೆಯೆದ್ದು ಸರ್ಕಾರ ಬಿತ್ತು, ನಂತರ ಮಾನ್ಯತೆ ಬಂತು. ಗೀತೆ ಅಧಿಕೃತವಾದ ವರ್ಷ ಅಂತ ಕೇಳಿದರೆ 1974 ಬರೆಯಿರಿ. ಸ್ವಾತಂತ್ರ್ಯ ಘೋಷಣೆ ಅಂದರೆ 1973. ಪ್ರಶ್ನೆ ತೆಗೆಯುವವರು ‘ಘೋಷಣೆ’ ಅಥವಾ ‘ಮಾನ್ಯತೆ’ ಅಂತ ಸ್ಪಷ್ಟವಾಗಿ ಹಾಕದಿದ್ದರೆ ತಪ್ಪು ಅವರದು.

ಪ್ರಶ್ನಪೆಟ್ಟಿಗೆ
ನೊಗದ ವಿರುದ್ಧದ ಹಾಡು ನೊಗ ಹೇರಿದವರ ಭಾಷೆಯಲ್ಲೇ ಇರುವುದು ವಿಚಿತ್ರ ಅಲ್ಲವೇ?

ಕಡತ
ದಿನನಿತ್ಯ ಜನ ಆಡುವುದು ಕ್ರಿಯೊಲ್, ಅಂದರೆ ಪೋರ್ಚುಗೀಸ್ ಮತ್ತು ಸ್ಥಳೀಯ ನುಡಿಗಳು ಬೆರೆತ ಭಾಷೆ. ಪೋರ್ಚುಗೀಸ್ ಬಲ್ಲವರು ಕಡಿಮೆ. ಆದರೂ ಪೋರ್ಚುಗೀಸರು ಬಿಟ್ಟುಹೋಗುವ ಒಳ್ಳೆಯ ವಸ್ತುಗಳಲ್ಲಿ ಭಾಷೆಯೂ ಒಂದು ಅನ್ನುವುದು ಕಬ್ರಾಲ್ ನಿಲುವು. ಕಾಡಿನ ಶಾಲೆಗಳಲ್ಲೂ ಅದನ್ನೇ ಕಲಿಸಿದರು. ಒಂದು ಕುಲದ ಭಾಷೆ ಆರಿಸಿದರೆ ಉಳಿದವರು ಮುನಿಯುತ್ತಾರೆ ಅನ್ನುವ ಲೆಕ್ಕ ನಮ್ಮ ದೇಶಕ್ಕೇನು ಹೊಸದಲ್ಲ. ನನಗೆ ಕೇಳಿದರೆ, ಶಾಲೆ ಕಾಣದ ರೈತನಿಗೆ ತನ್ನ ಗೀತೆಯೇ ಅರ್ಥವಾಗದ ಬೆಲೆ ಅದಕ್ಕೆ ತೆರಬೇಕಾಯಿತು.

ನಕಾಶೆಪ್ರಿಯ
ಬಾವುಟದ ಬಗ್ಗೆ ಯಾರೂ ಹೇಳಿಲ್ಲ. ಕಂಬದ ಪಕ್ಕ ಅಗಲದ ಮೂರನೇ ಒಂದು ಪಾಲು ಕೆಂಪು ಲಂಬಪಟ್ಟಿ, ಅದರ ನಡುವೆ ಐದು ಮೂಲೆಯ ಕಪ್ಪು ನಕ್ಷತ್ರ. ಉಳಿದ ಭಾಗದಲ್ಲಿ ಮೇಲೆ ಹಳದಿ, ಕೆಳಗೆ ಹಸಿರು. ಅಳತೆ 1:2. ನಕ್ಷತ್ರದ ಚೂಪು ಮೇಲಕ್ಕಿದೆಯಾ ನೋಡಿದರೆ ತಲೆಕೆಳಗೋ ಅಲ್ಲವೋ ಗೊತ್ತಾಗುತ್ತೆ. ಮುದ್ರಣದಂಗಡಿಯವರು ಜಾಲದಿಂದ ಎತ್ತುವಾಗ ಎರಡು ತಪ್ಪು ಮಾಡಬಹುದು. ಒಂದು ಬೆನಿನ್ ಬಾವುಟ: ಲಂಬಪಟ್ಟಿ ಹಸಿರು, ನಕ್ಷತ್ರ ಇಲ್ಲ. ಇನ್ನೊಂದು 1992ರ ವರೆಗಿನ ಕೇಪ್ ವರ್ಡ್ ಬಾವುಟ: ಬಣ್ಣ ಇವೇ, ನಕ್ಷತ್ರದ ಸುತ್ತ ಮೆಕ್ಕೆಜೋಳ, ಕೆಳಗೆ ಕಪ್ಪೆಚಿಪ್ಪು.

ನಮ್ಮ ಧ್ವಜಸಂಹಿತೆಯ ಪ್ರಕಾರ ಸಾಲಿನಲ್ಲಿ ನಿಲ್ಲಿಸುವಾಗ ತಿರಂಗ ಸಾಲಿನ ಬಲತುದಿಗೆ, ಅಂದರೆ ಸಭಿಕರು ನೋಡುವಾಗ ಅವರ ಎಡತುದಿಗೆ ಬರಬೇಕು. ಎರಡೂ ಹೆಚ್ಚುಕಡಿಮೆ ಒಂದೇ ಗಾತ್ರ ಇರಲಿ.

ಹಳೇಬಂದರು
ಗೇರುಬೀಜದ ಸುದ್ದಿ ಬಿಟ್ಟು ಆ ದೇಶದ ಪರಿಚಯ ಬರೆದ್ರೆ ಬಂದವ್ರಿಗೇ ನಗು ಬರ್ತದೆ. ರಫ್ತಿನ ಆದಾಯದಲ್ಲಿ ನೂರಕ್ಕೆ ತೊಂಬತ್ತರಷ್ಟು ಅದೊಂದರಿಂದಲೇ. ಪೋರ್ಚುಗೀಸರ ಕಾಲದಲ್ಲಿ ಶೇಂಗಾ ಮುಖ್ಯ ಇತ್ತು, ಗೇರು ಹಬ್ಬಿದ್ದು 1980ರ ದಶಕದ ನಂತರ. ಸಿಪ್ಪೆ ಸುಲಿಯದ ಬೀಜ ಹಾಗೇ ಭಾರತಕ್ಕೆ, ವಿಯೆಟ್ನಾಮಿಗೆ ಹೋಗ್ತದೆ. ಮಂಗಳೂರಿನ ಕಾರ್ಖಾನೆಗಳಿಗೂ ಬರ್ತದೆ. ಅಲ್ಲಿಯ ಬೀಜಕ್ಕೆ ಬೆಲೆ ಜಾಸ್ತಿ ಯಾಕೆ ಅಂದ್ರೆ ತಿರುಳು ಜಾಸ್ತಿ.

ಅಳೆಯುವ ಕ್ರಮ ಇದು: ಲೋಡಿನ ಬೇರೆ ಬೇರೆ ಚೀಲದಿಂದ ತೆಗ್ದು ಚೆನ್ನಾಗಿ ಕಲಸಿ 1 ಕೆಜಿ ತೂಗಿ, ಎಲ್ಲ ಕತ್ತರಿಸಿ. ಒಳ್ಳೆ ತಿರುಳು ಪೂರ್ತಿ ಲೆಕ್ಕ, ಕಲೆ ಬಿದ್ದದ್ದು ಮತ್ತು ಬಲಿಯದ್ದು ಅರ್ಧ ಲೆಕ್ಕ, ಹುಳುಕು ಸೊನ್ನೆ. ಬಂದ ಗ್ರಾಮನ್ನು 0.1764ರಿಂದ ಗುಣಿಸಿ. 80 ಕೆಜಿ ಚೀಲಕ್ಕೆ ಎಷ್ಟು ಪೌಂಡ್ ತಿರುಳು ಅಂತ ಸಿಗ್ತದೆ, ಅದೇ ಔಟ್‌ಟರ್ನ್. ಒಳ್ಳೇದು 285 ಗ್ರಾಂ, ಕಲೆಯದ್ದು 20 ಗ್ರಾಂ ಇದ್ರೆ 295 ಗ್ರಾಂ ಆಯ್ತು, ಅಂದ್ರೆ 52 ಪೌಂಡ್. ಜೂನ್ ಹೊತ್ತಿಗೆ ಅಲ್ಲಿ ಮಳೆ ಹಿಡಿದ್ಮೇಲೆ ಹೆಕ್ಕಿದ ಬೀಜದಲ್ಲಿ ನೀರಿನಂಶ ಉಳ್ಕೊಂಡು ಕಂಟೇನರ್ ಒಳಗೆ ಬೆವರಿ ಬೂಷ್ಟು ಹಿಡೀತದೆ. ಅಂಥ ಲೋಡಲ್ಲಿ ಈ ಲೆಕ್ಕ ಧಡಾರ್ ಅಂತ ಬೀಳ್ತದೆ.

ನಿರ್ವಾಹಕ
ಔಟ್‌ಟರ್ನ್ ಚರ್ಚೆಗೆ ಬೇರೆ ಎಳೆ ತೆರೆಯಿರಿ. ಇಲ್ಲಿ ಗೀತೆ ಮುಂದುವರಿಯಲಿ.

ಬಂದರುಗುಮಾಸ್ತ
ಪತ್ರಿಕೆಗೆ ಇಷ್ಟು ಬರೆದಿದ್ದೇನೆ, ತಿದ್ದಿ: ‘ಗಿನಿ ಬಿಸ್ಸೋ ಪಶ್ಚಿಮ ಆಫ್ರಿಕಾದ ದೇಶ. 1974ರಲ್ಲಿ ಪೋರ್ಚುಗಲ್ ಇದಕ್ಕೆ ಸ್ವಾತಂತ್ರ್ಯ ನೀಡಿತು. ರಾಷ್ಟ್ರಗೀತೆಯನ್ನು ಅಧ್ಯಕ್ಷ ಅಮಿಲ್ಕಾರ್ ಕಬ್ರಾಲ್ ರಚಿಸಿದರು. ಈಗ ಪ್ರಜಾಪ್ರಭುತ್ವ ನೆಲೆಗೊಂಡಿದೆ.’

ಕಡತ
ನಾಲ್ಕು ಸಾಲು, ನಾಲ್ಕೂ ತಿದ್ದಬೇಕು.

‘ಗಿನಿ-ಬಿಸಾವ್’ ಅಂತ ನಡುಗೆರೆ ಹಾಕಿ ಬರೆಯಿರಿ.

‘ನೀಡಿತು’ ತೆಗೆಯಿರಿ. ಹನ್ನೊಂದು ವರ್ಷ ಬಂದೂಕು ಹಿಡಿದವರ ಮುಂದೆ ಆ ಕ್ರಿಯಾಪದ ಓದಬಾರದು. ‘1973ರಲ್ಲಿ ಸ್ವಾತಂತ್ರ್ಯ ಘೋಷಿಸಿಕೊಂಡಿತು, 1974ರಲ್ಲಿ ಪೋರ್ಚುಗಲ್ ಮಾನ್ಯ ಮಾಡಿತು’ ಅಂತಿರಲಿ.

ಕಬ್ರಾಲ್ ಅಧ್ಯಕ್ಷರಾಗಲೇ ಇಲ್ಲ. ಘೋಷಣೆಗೆ ಎಂಟು ತಿಂಗಳು ಮೊದಲೇ ಹೋದರು. ‘ಸಾಹಿತ್ಯ: ಅಮಿಲ್ಕಾರ್ ಕಬ್ರಾಲ್, ಸಂಗೀತ: ಶಿಯಾವ್ ಹ’ ಅಂದರೆ ಸಾಕು.

ಕೊನೆಯ ಸಾಲು ಪೂರ್ತಿ ಬಿಡಿ. 1980ರ ನಂತರ 1998-99ರ ಅಂತರ್ಯುದ್ಧ, 2003 ಮತ್ತು 2012ರ ದಂಗೆಗಳು, 2009ರಲ್ಲಿ ಅಧ್ಯಕ್ಷ ವಿಯೆರಾ ಹತ್ಯೆ, 2025ರ ನವೆಂಬರ್‌ನಲ್ಲಿ ಚುನಾವಣೆ ಮುಗಿದ ಬೆನ್ನಿಗೇ ಮತ್ತೆ ಸೈನ್ಯ. ಬಂದವರಲ್ಲಿ ಯಾರು ಯಾವ ಕಡೆಯವರೋ. ಆ ಜಾಗಕ್ಕೆ ಬಿಜಾಗೋಸ್ ದ್ವೀಪಗಳನ್ನು ಹಾಕಿ, ಯಾರಿಗೂ ತಕರಾರಿಲ್ಲ.

ಸ್ವರಲಿಪಿ
ಕಾರ್ಯಕ್ರಮ ಜನವರಿ 20ರಂದು ಇಟ್ಟುಕೊಂಡಿಲ್ಲ ತಾನೆ? ಅದು ಕಬ್ರಾಲ್ ಸತ್ತ ದಿನ, ಅಲ್ಲಿ ಹುತಾತ್ಮರ ಸ್ಮರಣೆ. ಗೀತೆ ಹಾಡಬಹುದು, ಅದರ ಬೆನ್ನಿಗೇ ಸಿನಿಮಾ ಹಾಡಿಗೆ ಕುಣಿತ ಬೇಡ.

ಬಂದರುಗುಮಾಸ್ತ
ಫೆಬ್ರವರಿ. ಕುಣಿತ ಇದೆ, ಊಟದ ನಂತರ.